ಜೋಡಿ ತಪ್ಪಿದ ಮೇಲೆ

ಬೀದರಿನಲ್ಲಿ ನಮ್ಮ ಪಕ್ಕದ ಮನೆಯ ನರ್ಸಬಾಯಿಯ ಮಗಳು ಐಸ್ ಡಾನ್ಸ್, ಅಂದರೆ ಜೋಡಿಯಾಗಿ ಐಸ್ ಮೇಲೆ ಜಾರುತ್ತ ಕುಣಿಯುವ ಆಟ, ಆಡುತ್ತಿದ್ದಳು. ನಮ್ಮೂರಿನಲ್ಲಿ ಐಸ್ ಎಲ್ಲಿಯದು? ರಜೆಯಲ್ಲಿ ದಿಲ್ಲಿ ಕಡೆ ಹೋಗಿ ಮಂಜುಗಡ್ಡೆಯ ಮೇಲೆ ಕಲಿತದ್ದನ್ನು, ಉಳಿದ ದಿನಗಳಲ್ಲಿ ಮನೆ ಮುಂದಿನ ಚರ್ಚಿನ ಸಿಮೆಂಟು ಅಂಗಳದಲ್ಲಿ ಗಾಲಿ ಶೂ ಕಟ್ಟಿಕೊಂಡು ತಾಲೀಮು ಮಾಡುತ್ತಿದ್ದಳು. ಜೋಡಿಯ ಹುಡುಗ ಭಾಲ್ಕಿಯಿಂದ ಬರುತ್ತಿದ್ದ. ಅವನು ತಲೆ ತಗ್ಗಿಸಿದಾಗಲೆಲ್ಲ ಗದ್ದಕ್ಕೆ ಬೆರಳು ಕೊಟ್ಟು ಎತ್ತಿ, "ಕಾಲು ನೋಡಬ್ಯಾಡ, ನನ್ನ ನೋಡು" ಅನ್ನುತ್ತಿದ್ದಳು.

ಜೂನಿಯರ್ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅವರಿಗೆ ಬೆಳ್ಳಿ ಬಂತು. ಪರದೇಶದ ಸ್ಪರ್ಧೆಗೆ ತಯಾರು ಮಾಡುವ ಶಿಬಿರದಿಂದ ಕರೆ ಬಂದ ವಾರವೇ ಹುಡುಗನ ಅಪ್ಪ ಬಂದರು.

"ಹುಡುಗಿ ಕೈ ಹಿಡದು ಕುಣಿಯೋದು ಸಾಕ್ರಿ ಬಾಯಿ. ಮಂದಿ ನಗ್ತಾರ," ಎಂದು ನರ್ಸಬಾಯಿಗೆ ಹೇಳಿದರು.

"ಇನ್ನೊಂದು ವರ್ಷ ಅವನ್ನ ಆಡ್ಲಿಕ್ಕೆ ಬಿಡ್ರಿ ಕಾಕಾ," ಅಂದಳು ಮಗಳು.

"ನೀ ಆಡವ್ವ, ನಿನಗ್ಯಾರು ಬ್ಯಾಡ ಅಂದಾರ?"

"ಒಬ್ಬಾಕಿಗೆ ಬರಂಗಿಲ್ರಿ ಕಾಕಾ. ಇದು ಇಬ್ಬರ ಆಟ ಅದ."

ಅವರು ಚಹಾ ಮುಗಿಸಿ ಎದ್ದುಹೋದರು.

ಎಷ್ಟು ಊರಿಗೆ ಫೋನ್ ಮಾಡಿದರೂ ಬೇರೆ ಜೋಡಿ ಸಿಗಲಿಲ್ಲ. ಒಂದು ಕೈಯನ್ನು ಗಾಳಿಯಲ್ಲಿ ಚಾಚಿ, ಯಾರೋ ಹಿಡಿದಿದ್ದಾರೆಂಬಂತೆ ಅವಳೊಬ್ಬಳೇ ಅಂಗಳ ಸುತ್ತುತ್ತಿದ್ದಳು. ಹಾಗೇ ಜೂನಿಯರ್ ಸ್ಪರ್ಧೆಗೆ ಇಳಿಯುವ ವಯಸ್ಸು ದಾಟಿತು.

ಆಮೇಲೆ ಒಂದು ಸಂಜೆ ಆ ಹುಡುಗ ಬಂದ. ಕಾಲೇಜು ಸೇರಿದ್ದ. "ಈಗ ಅಪ್ಪ ಏನೂ ಅನ್ನಂಗಿಲ್ಲ," ಅಂದ. ಅವಳು ಶೂ ಕಟ್ಟಿಕೊಂಡಳು. ಅವನು ಗೇಣುದ್ದ ಎತ್ತರ ಬೆಳೆದಿದ್ದ. ಎರಡು ಸುತ್ತು ಹಾಕಿದರೂ ಹೆಜ್ಜೆ ಕೂಡಲಿಲ್ಲ.

"ಇಲ್ಲಿ ಕೂಡು, ನೀರು ತರ್ತೇನಿ," ಎಂದು ಅವಳು ಮನೆಯೊಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.