ಖಾಸಿಂಸಾಬನ ಬಲಗೈ

ಸಿಂಧನೂರಿನ ಫಿಜಿಯೋಥೆರಪಿ ಕೋಣೆಯಲ್ಲಿ, ಎಂಬತ್ತು ದಾಟಿದ ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೇನೆ. ಬಲಗೈಯ ಎರಡು ಬೆರಳು ಇರುವೆಯ ಹಾಗೆ ಗೋಡೆ ಹತ್ತಬೇಕಂತೆ. ಚಿಕಿತ್ಸೆ ಕೊಡುವ ಹುಡುಗಿ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಾಳೆ: ನಿನ್ನೆ ಇಲ್ಲಿಗೆ, ಇವತ್ತು ಅದಕ್ಕಿಂತ ಒಂದು ಬೆರಳು ಮೇಲೆ. ನನ್ನ ಭುಜ ಹಿಡಿದುಕೊಂಡಿದೆ. ಅಂಗಿ ತೊಡಿಸಲು ಹೆಂಡತಿ ಬೇಕು. ಆಯುಷ್ಯವೆಲ್ಲ ದವಾಖಾನೆಯಲ್ಲಿ ಕಂಪೌಂಡರಾಗಿದ್ದವನ ಗತಿ ಇದು. ನಗುವುದಾದರೆ ನಕ್ಕುಬಿಡಿ.

"ನೋವಿದ್ರೂ ಆಡಸ್ಬೇಕ್ರಿ ತಾತಾ," ಎಂದಳು ಹುಡುಗಿ. "ಕಟ್ಟಿ ಕೂಡ್ಸಿದ್ರ ಭುಜ ಬಿಗೀತದ. ಈಗಿನ ಸಂಶೋಧನಾ ಅದನ್ನ ಹೇಳ್ತಾವ. ಊರಾಗಿನ ಆರೋಗ್ಯ ಕೇಂದ್ರದಾಗ ಮೊದಲಿಗೇ ಇಷ್ಟು ಕಲಿಸಿದ್ರ, ಭಾಳ ಮಂದಿ ಇಲ್ಲೀತನಕ ಬರೋದೇ ಬೇಕಾಗಂಗಿಲ್ಲ."

ಅವಳು ಹೇಳಿದ್ದು ಒಳ್ಳೆಯ ಮಾತೇ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಸಿಟ್ಟು ಅವಳ ಮೇಲಲ್ಲ.

ನಿಜಾಮರ ಆಡಳಿತ ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಮಸ್ಕಿಗೂ ಲಿಂಗಸುಗೂರಿಗೂ ನಡುವಿನ ಒಂದು ಹಳ್ಳಿ ದವಾಖಾನೆ, ಹೆಸರು ಬೇಡ. ಕೆಂಪು ಮಿಕ್ಸ್ಚರು, ಬಿಳಿ ಮಿಕ್ಸ್ಚರು, ನೋವಿಗೆ ಹಚ್ಚುವ ಎಣ್ಣೆ, ಇಷ್ಟಕ್ಕೆ ನಾನು ಒಡೆಯ. ಜನ "ಸಾಹೇಬ್ರ" ಅಂದರೆ ಉಬ್ಬುತ್ತಿದ್ದೆ. ಮಿಕ್ಸ್ಚರು ಒಯ್ಯಲು ಖಾಲಿ ಬಾಟಲಿ ತರದೆ ಬಂದ ರೋಗಿಯನ್ನು ಗದರಿಸಿ ವಾಪಸು ಕಳಿಸುವುದರಲ್ಲಿ ನನಗೊಂದು ಸುಖವಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಪಿಂಜಾರ ಖಾಸಿಂಸಾಬ ಬಂದದ್ದು ಆಗ. ಅವನು ಹತ್ತಿ ಹಿಂಜಿದ ಗಾದಿ ಇಲ್ಲದ ಮನೆ ಆ ಸುತ್ತಿನಲ್ಲಿ ಕಡಿಮೆ. ಆಳುದ್ದದ ಬಿಲ್ಲನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಮರದ ಗುಂಡಿನಿಂದ ಅದರ ತಂತಿಗೆ ಬಡಿಯಬೇಕು; ಬೆಳಗಿನಿಂದ ಸಂಜೆಯವರೆಗೆ ಭುಜಕ್ಕೆ ಬಿಡುವಿಲ್ಲ. ಅವನು ಬಿದ್ದಿರಲಿಲ್ಲ, ಎಲುಬು ಮುರಿದಿರಲಿಲ್ಲ. ಬಲಭುಜ ನೋಯುತ್ತಿತ್ತು, ಅಷ್ಟೆ. ಹೈದರಾಬಾದಿನಿಂದ ಬಂದಿದ್ದ ನಮ್ಮ ಡಾಕ್ಟರು ಕುರ್ಚಿಯಿಂದ ಏಳದೆಯೇ ನೋಡಿದರು. "ಹಾತ್ ಹಿಲಾನಾ ನಕ್ಕೋ," ಕೈ ಅಲುಗಿಸಬೇಡ, ಎಂದರು. ಕೈ ಕಟ್ಟಿಡಬೇಕು, ತಾವು ಹೇಳುವ ತನಕ ಬಿಚ್ಚಬಾರದೆಂದು ರಿಜಿಸ್ಟರಿನಲ್ಲಿ ಬರೆದರು. ಕೈಯನ್ನು ಎದೆಗೆ ಸೇರಿಸಿ ಕಟ್ಟಿದವನು ನಾನು.

ಎರಡು ವಾರಕ್ಕೆ ಡಾಕ್ಟರಿಗೆ ವರ್ಗವಾಯಿತು. ಐದು ತಿಂಗಳು ಅವರ ಜಾಗಕ್ಕೆ ಯಾರೂ ಬರಲಿಲ್ಲ.

ಖಾಸಿಂಸಾಬ ಪ್ರತಿ ಸೋಮವಾರ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಕಟ್ಟು ಮಾಸಿದ್ದರೆ ನಾನು ಹೊಸ ಬಟ್ಟೆಯಿಂದ ಮತ್ತೆ ಕಟ್ಟುತ್ತಿದ್ದೆ, ಕೈ ಎಳ್ಳಷ್ಟೂ ಅಲುಗದಂತೆ. ಒಂದು ದಿನ ಅವನ ಹೆಂಡತಿ ಹುಸೇನಮ್ಮ ಬಂದು ನನ್ನ ಮೇಜಿಗೆ ಕೈಯೂರಿ ನಿಂತಳು.

"ನೋವು ಕಡಿಮಿ ಆಗೇತ್ರಿ. ಕೈ ಕಟಿಗಿ ಆಗಾಕತ್ತೈತಿ. ಬಿಚ್ಚರಿ ಸಾಹೇಬ್ರ, ನಾ ಎಣ್ಣಿ ಹಚ್ಚಿ ಆಡಸ್ತೀನಿ."

"ಡಾಕ್ಟರ ಹುಕುಂ ಇಲ್ಲವ್ವಾ."

"ಡಾಕ್ಟರೇ ಇಲ್ಲಲ್ರಿ!"

"ಅವರು ಬರೆದಿದ್ದು ಐತಲ್ಲ," ಎಂದು ರಿಜಿಸ್ಟರು ತೆರೆದು ತೋರಿಸಿದೆ, ಓದಲು ಬಾರದವಳಿಗೆ. ಎಂಥ ಕತ್ತೆ ನಾನು!

ಮನೆಯಲ್ಲೇ ಬಿಚ್ಚಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಸರಕಾರದವರು ಕಟ್ಟಿದ್ದನ್ನು ಸರಕಾರದವರೇ ಬಿಚ್ಚಬೇಕು ಎಂದು ನಂಬಿದ್ದ ಜನ ಅವರು. ಅದರಲ್ಲೂ ನಿಜಾಮರು ಹೋದ ಮೇಲಿನ ಆ ಅನುಮಾನದ ವರ್ಷಗಳಲ್ಲಿ, ಸರಕಾರದ ಮಾತು ಮೀರಿದನೆಂಬ ಹೆಸರು ಖಾಸಿಂಸಾಬನಂಥ ಮುಸಲ್ಮಾನನಿಗೆ ಬೇಡವಾಗಿತ್ತು. ಹೆಂಡತಿ ಬೈದರೆ, "ಸುಮ್ನಿರಬೇ, ಹುಕುಂ ಐತಿ," ಎನ್ನುತ್ತಿದ್ದ.

ಕೊನೆಗೆ ಬಂದ ಹೊಸ ಡಾಕ್ಟರು ಕಟ್ಟು ಬಿಚ್ಚಿಸಿದರು. ಮೊಳಕೈ ಅಷ್ಟಿಷ್ಟು ಚಾಚಿತು, ಭುಜ ಅಲುಗಲಿಲ್ಲ. "ಇಷ್ಟು ದಿನ ಯಾಕೆ ಕಟ್ಟಿಟ್ರಿ?" ಎಂದು ಗುಡುಗಿದರು. ನಾನು ರಿಜಿಸ್ಟರು ಮುಂದಿಟ್ಟೆ. ಓದಿ ಸುಮ್ಮನಾದರು. ಬರೆದಿತ್ತಲ್ಲ, ಇನ್ನು ಯಾರ ತಪ್ಪೂ ಇಲ್ಲ! ಅವರು ಹಾಗೆ ಸುಮ್ಮನಾದದ್ದು, ನಾನು ನಿರಾಳವಾಗಿ ಉಸಿರು ಬಿಟ್ಟದ್ದು, ಎರಡನ್ನೂ ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಗಾಬರಿಯಾದವನು ಖಾಸಿಂಸಾಬ ಒಬ್ಬನೇ. "ನಾ ಒಮ್ಮಿನೂ ಬಿಚ್ಚಿಲ್ರಿ ಸಾಹೇಬ್ರ, ಅಲ್ಲಾನ ಆಣಿ," ಎಂದ.

ಆ ಕೈ ಮತ್ತೆ ಬಿಲ್ಲಿನ ತಂತಿಗೆ ಬಡಿಯಲಿಲ್ಲ. ಹುಸೇನಮ್ಮನೇ ಬಿಲ್ಲು ಹೊತ್ತು ಮನೆಮನೆಗೆ ಹೊರಟಳು. ಹೆಂಗಸು ಹತ್ತಿ ಹಿಂಜುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ನಮ್ಮ ಮನೆಗೂ ಬಂದಳು. ಚಹಾ ಕೊಟ್ಟೆ, ಕುಡಿಯಲಿಲ್ಲ. ಗಾದಿ ಚೆನ್ನಾಗಿಯೇ ಮಾಡಿಕೊಟ್ಟಳು. ವರ್ಷಗಟ್ಟಲೆ ಅದರ ಮೇಲೆ ಮಲಗಿದೆ, ನಿದ್ದೆಯೂ ಚೆನ್ನಾಗಿ ಬರುತ್ತಿತ್ತು. ನಾಚಿಕೆಗೆಟ್ಟ ನಿದ್ದೆ.

ಇದನ್ನೆಲ್ಲ ಗೋಡೆ ನೋಡುತ್ತಲೇ ಹುಡುಗಿಗೆ ಹೇಳಿದೆ. ಅವಳು ಮೆಲ್ಲಗೆ, "ಆಗಿನ ಕಾಲಾನ ಹಂಗಿತ್ರಿ. ಇಂಥ ಸಂಶೋಧನಾ ಎಲ್ಲಿದ್ವು? ನೀವರ ಡಾಕ್ಟರ್ ಅಲ್ಲ ತಾತಾ, ಏನ್ ಮಾಡಾಕ ಆಗ್ತಿತ್ತು ನಿಮಗ?" ಎಂದಳು.

ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದದ್ದೂ ಇದೇ. ಇನ್ನೊಬ್ಬರ ಬಾಯಿಂದ ಕೇಳಿದಾಗ ಸಹಿಸಲಾಗಲಿಲ್ಲ. ಗೋಡೆಯಿಂದ ಕೈ ತೆಗೆದು ಅವಳ ಕಡೆ ತಿರುಗಿದೆ.

"ಹುಸೇನಮ್ಮಗ ಗೊತ್ತಿತ್ತಲ್ಲವ್ವಾ. ಬಾಯಿಬಿಟ್ಟು ಕೇಳಿದ್ಲು. ಕಟ್ಟಿದಾಂವ ನಾನು. ಬಿಚ್ಚಾಕ ಆಗ್ತಿತ್ತು ನನಗ."