ಮೇಷ್ಟ್ರ ಪಿನ್ನಿನ ಮೇಲೆ ತಿರುಗಿಸಿದ ಡೈ

1998ರಲ್ಲಿ ಚಾಮರಾಜಪೇಟೆಯಲ್ಲಿ ನನ್ನದೊಂದು ಲೇತ್ ಅಂಗಡಿ ಇತ್ತು. ಓದಿದ್ದು ಎಸ್ಸೆಸ್ಸೆಲ್ಸಿ, ಕೆಲಸ ಕಲಿತದ್ದು ಬಿನ್ನಿಪೇಟೆಯ ಒಂದು ವರ್ಕ್‌ಶಾಪಿನಲ್ಲಿ. ಊರಿನಲ್ಲಿ, ಮೇಜಿನ ಮೇಲಿನ ಚೆಂಡನ್ನು ಕೋಲಿನಿಂದ ಕುಳಿಗೆ ಬೀಳಿಸುವ ಪೂಲ್ ಆಟದ ಹಾಲ್‌ಗಳು ಹೆಚ್ಚಾದ ಮೇಲೆ ಅದರ ಕೋಲು, ಅಂದರೆ ಕ್ಯೂ ಮಾಡುವುದನ್ನೂ ಹಿಡಿದೆ. ಕ್ಯೂ ಎರಡು ತುಂಡು. ಹಿಡಿಯುವ ದಪ್ಪ ಭಾಗ ಬಟ್, ಚೆಂಡಿಗೆ ತಾಗುವ ಸಣ್ಣ ಭಾಗ ಶಾಫ್ಟ್. ಬಟ್‌ನ ತುದಿಯ ಉಕ್ಕಿನ ಪಿನ್, ಶಾಫ್ಟಿನೊಳಗಿನ ಹಿತ್ತಾಳೆ ಕೊಳವೆ, ಅಂದರೆ ಬುಷ್‌ನಲ್ಲಿ ತಿರುಪಿನಂತೆ ಕೂರಬೇಕು. ಚೂರು ಸಡಿಲವಿದ್ದರೂ ಹೊಡೆತ ಕೆಡುತ್ತದೆ.

ಎನ್.ಆರ್. ಕಾಲೋನಿಯ ಶ್ರೀಕಂಠಯ್ಯ ಮೇಷ್ಟ್ರು ಅಮೆರಿಕದ ಕ್ಯೂ ಒಂದರ ಬಟ್ ತಂದರು. ಶಾಫ್ಟನ್ನು ಮನೆಯಲ್ಲೇ ಬಿಟ್ಟಿದ್ದರು.

"ಇದಕ್ಕೊಂದು ಸ್ಪೇರ್ ಶಾಫ್ಟ್ ಮಾಡ್ಕೊಡಿ ರಾಮಣ್ಣ. ಹದಿನೈದು ದಿನಕ್ಕೆ ಸ್ಟೇಟ್ ಸೆಲೆಕ್ಷನ್ನು. ಐವತ್ತೆರಡಾಯ್ತು, ಇನ್ನೊಂದ್ಸಲ ಯಾರೂ ಕರಿಯಲ್ಲ."

ಪಿನ್ ಅಳೆದೆ. ದಪ್ಪ 5/16 ಇಂಚು, ಇಂಚಿಗೆ ಹದಿನೆಂಟು ಹಲ್ಲು. ಬುಷ್‌ನ ಒಳಗೆ ಹಲ್ಲು ಕೊರೆಯುವ ನನ್ನ ಟ್ಯಾಪ್ ಕೂಡ ಅದೇ ಅಳತೆ. ಕೊರೆದು ಸೇರಿಸಿದೆ. ಮೂರು ಸುತ್ತು ಹೋಗಿ ಸಿಕ್ಕಿಕೊಂಡಿತು. ಬೇರೆ ಬುಷ್ ಮಾಡಿದೆ, ಅದೂ ಹಾಗೇ. ಹದಿನೆಂಟಕ್ಕೆ ಹದಿನೆಂಟು ಸರಿಯಿದೆ, ಯಾಕೆ ಕೂರುವುದಿಲ್ಲ? ಟ್ಯಾಪ್ ಸವೆಯಿತೇ, ಹಿತ್ತಾಳೆ ಕೆಟ್ಟದ್ದೇ, ನನ್ನ ಕಣ್ಣೇ ಹೋಯಿತೇ? ಐದು ದಿನ ಒಂದೂ ತಿಳಿಯಲಿಲ್ಲ. ಆರನೆಯ ದಿನ ಮಾಡಬಾರದ್ದನ್ನು ಮಾಡಿದೆ. ಆ ಟ್ಯಾಪಿನ ಜೋಡಿಯಾದ, ಹೊರಗೆ ಹಲ್ಲು ಕತ್ತರಿಸುವ ನನ್ನ ಡೈಯನ್ನು ಎಣ್ಣೆ ಹಾಕಿ ಮೇಷ್ಟ್ರ ಪಿನ್ನಿನ ಮೇಲೆಯೇ ತಿರುಗಿಸಿದೆ. ಸಣ್ಣಗೆ ಉಕ್ಕಿನ ಪುಡಿ ಉದುರಿತು. ಹೊಸ ಶಾಫ್ಟ್ ಕೊನೆಯವರೆಗೂ ಹೋಗಿ ಕೂತಿತು.

ಅಂದೇ ಅದನ್ನು ಒಯ್ದ ಮೇಷ್ಟ್ರು ಎರಡು ದಿನಕ್ಕೆ ವಾಪಸು ಬಂದರು. "ಇದೇನ್ರೀ, ನನ್ ಹಳೇ ಶಾಫ್ಟು ಲಟಲಟ ಅಂತಿದೆ? ಹೋದ ವಾರದವರ್ಗೂ ಗಟ್ಟಿಯಾಗಿತ್ತಲ್ಲ!"

"ಅದರ ಬುಷ್ ಸವೆದಿದೆ ಸಾರ್. ಹೊಸದ್ರಲ್ಲೇ ಆಡಿ," ಎಂದೆ.

"ಹನ್ನೊಂದು ವರ್ಷ ಇದರ ಜತೆ ಸಂಸಾರ ಮಾಡಿದೀನಿ. ಒಂದೇ ವಾರದಲ್ಲಿ ಹೊಸ ಸಂಬಂಧ ಒಗ್ಗಿಸ್ಕೋ ಅಂತೀರಲ್ಲ!" ಎಂದು ನಕ್ಕು, ನನ್ನ ಮಾತು ನಂಬಿ ಹೋದರು.

ಮರುದಿನ ನಗರ್ತಪೇಟೆಯ ಟೂಲ್ ಅಂಗಡಿಯ ಹಿರಿಯರಾದ ಸಿದ್ದಪ್ಪನವರನ್ನು, ಹದಿನೆಂಟಕ್ಕೆ ಹದಿನೆಂಟು ಯಾಕೆ ಕೂರಲಿಲ್ಲವೆಂದು ಕೇಳಿದೆ.

"ಅಯ್ಯೋ ಮಾರಾಯ, ನಿನ್ ಟ್ಯಾಪು, ಡೈ ಎರಡೂ ಬ್ರಿಟಿಷ್ದು, ಹಲ್ಲಿನ ಕೋನ ಐವತ್ತೈದು ಡಿಗ್ರಿ. ಅಮೆರಿಕದ್ದು ಅರವತ್ತು. ಬರೀ ಹಲ್ಲು ಎಣಿಸಿದ್ರೆ ಆಯ್ತಾ?"

ಸವೆದದ್ದು ಮೇಷ್ಟ್ರ ಬುಷ್ ಅಲ್ಲ, ನಾನು ಕೆರೆದ ಪಿನ್. ಆಯ್ಕೆಗೆ ಇನ್ನೂ ಆರು ದಿನವಿತ್ತು, ಹೊಸ ಪಿನ್ ಕೂರಿಸಬಹುದಿತ್ತು. ತಪ್ಪು ಒಪ್ಪಿಕೊಳ್ಳಬೇಕಲ್ಲ ಎಂದು ಸುಮ್ಮನಿದ್ದೆ.

ಮೇಷ್ಟ್ರು ಹೊಸ ಶಾಫ್ಟಿನಲ್ಲೇ ಆಡಿ ಮೊದಲ ಪಂದ್ಯದಲ್ಲೇ ಸೋತರು. ಅಂಗಡಿಗೆ ಬಂದು ಬಲಗೈಯನ್ನೇ ನೋಡಿಕೊಂಡರು. "ಸುಲಭದ ಚೆಂಡೂ ಬೀಳ್ಲಿಲ್ಲ ರಾಮಣ್ಣ. ನನ್ ಕೈ ಹೋಯ್ತು ಅನ್ಸತ್ತೆ."

"ವಯಸ್ಸಾಗುತ್ತಲ್ಲ ಸಾರ್," ಎಂದೆ. ಅವರು ಆಟ ಬಿಟ್ಟರು.

2003ರಲ್ಲಿ ಅಂಗಡಿ ಮುಚ್ಚಿದ ಮೇಲೆ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಅಂದರು: "ಸೋತಿದ್ದು ಹೋಗ್ಲಿ. ಶಾಫ್ಟಿಂದ್ಲೋ ನನ್ನಿಂದ್ಲೋ, ಯಾರಿಗ್ಗೊತ್ತು. ಆದ್ರೆ ಐದು ವರ್ಷದಿಂದ ಈ ಕೈ ನಂಬದೆ ಕಾಫಿ ಲೋಟಾನೂ ಎರಡು ಕೈಲಿ ಹಿಡೀತಿದೀನಲ್ರೀ."

ಎರಡು ಭಾಗ ಹೊಂದದಿದ್ದರೆ ಮೊದಲು ನನ್ನ ಉಪಕರಣವನ್ನು ಅನುಮಾನಿಸಬೇಕು, ಗಿರಾಕಿಯ ವಸ್ತುವನ್ನಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು. ಅಂದು ಸೋತದ್ದು ಯಾವುದರಿಂದ ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಅವರ ವಯಸ್ಸನ್ನು ಕಾರಣವೆಂದವನು ಮಾತ್ರ ನಾನೇ.