ಓಬಳಪ್ಪನೂ ತೋಮಾಸರ ಬೆರಳೂ

ಚಾಮರಾಜಪೇಟೆಯ ನಮ್ಮ ಸಣ್ಣ ಚರ್ಚಿನಲ್ಲಿರುವ ಸಂತ ತೋಮಾಸರ ಪ್ರತಿಮೆಗೆ ಮೂವತ್ತೊಂದು ವರ್ಷಗಳಿಂದ ಬಣ್ಣ ಹಾಕುತ್ತಿರುವವನು ಶ್ರೀರಾಂಪುರದ ಓಬಳಪ್ಪ. ಅವನು ಕ್ರೈಸ್ತನಲ್ಲ. ಭಾದ್ರಪದಕ್ಕೆ ಗಣೇಶ, ನವರಾತ್ರಿಗೆ ಗೊಂಬೆ, ಜೂನ್ ಕೊನೆಗೆ ನಮ್ಮ ತೋಮಾಸರು. ಅವನ ಪಂಚಾಂಗ ಇಷ್ಟೇ. ನಾನು ಅದೇ ಚರ್ಚಿನ ಉಪದೇಶಿ, ಅಂದರೆ ಜಪ ಹೇಳಿಕೊಡುವುದರಿಂದ ಹಿಡಿದು ನಲ್ಲಿ ರಿಪೇರಿಯವರೆಗೆ ಎಲ್ಲಕ್ಕೂ ಓಡಾಡುವವನು. ಇಬ್ಬರಿಗೂ ವಯಸ್ಸಾಗಿದೆ, ಇಬ್ಬರಿಗೂ ಸಾಕಾಗಿದೆ, ಇಬ್ಬರನ್ನೂ ಯಾರೂ ಬಿಡುತ್ತಿಲ್ಲ.

ಮೊದಲ ವರ್ಷವೇ ಅವನು ಕೇಳಿದ್ದ. "ಈ ಸ್ವಾಮಿ ಯಾರು ಸಾರ್? ಬೆರಳು ಯಾಕೆ ಹಿಂಗೆ ಚಾಚಿದಾರೆ?"

ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬರು ಎಂದೆ. ಸತ್ತ ಗುರು ಎದ್ದು ಬಂದರು ಎಂದು ಉಳಿದವರೆಲ್ಲ ಸಂಭ್ರಮ ಪಟ್ಟರೂ, ಮೊಳೆಯ ಗಾಯಕ್ಕೆ ಬೆರಳಿಟ್ಟು ನೋಡದೆ ನಂಬುವುದಿಲ್ಲ ಎಂದು ಹಟ ಹಿಡಿದು ಕೂತವರು. ಎಂಟು ದಿನ ಕಳೆದ ಮೇಲೆ ಗುರು ತಾವೇ ಬಂದು ಕೈ ಚಾಚಿ, ಮುಟ್ಟಿ ನೋಡು ಎಂದರಂತೆ. ಆಮೇಲೆ ತೋಮಾಸರು ಸಮುದ್ರ ದಾಟಿ ನಮ್ಮ ದಕ್ಷಿಣ ದೇಶಕ್ಕೆ ಬಂದು, ಮೈಲಾಪುರದ ಹತ್ತಿರ ಈಟಿಯ ತಿವಿತಕ್ಕೆ ಪ್ರಾಣ ಬಿಟ್ಟರು ಎಂದು ನಮ್ಮ ಹಿರಿಯರ ನಂಬಿಕೆ. ಓಬಳಪ್ಪ ತಲೆದೂಗಿದ. "ಕೆಲಸದೋರ ಜಾತಿ ಸಾರ್ ಇವ್ರು," ಎಂದ.

ಅವನ ಕೈಯೂ ಅಂಥದ್ದೇ. ಬಣ್ಣ ಹಚ್ಚುವ ಮೊದಲು ಪ್ರತಿಮೆಯ ಮೈಮೇಲೆಲ್ಲ ಬೆರಳಾಡಿಸಿ, ಕಣ್ಣಿಗೆ ಕಾಣದ ತರಿಯನ್ನೂ ಹಿಡಿಯುತ್ತಿದ್ದ. ನಾನು ಚೆನ್ನಾಗಿದೆ ಎಂದರೆ, "ನಿಮಗೇನು ಗೊತ್ತು, ಸುಮ್ನಿರಿ," ಎಂದು ಗದರುತ್ತಿದ್ದ.

ಈ ವರ್ಷ ಜುಲೈ ಎರಡರ ಬೆಳಿಗ್ಗೆ ಪ್ರತಿಮೆ ತರಲು ಅವನ ಮನೆಗೆ ಹೋದೆ. ಮಾರನೆಯ ದಿನವೇ ತೋಮಾಸರ ಹಬ್ಬ. ಅವನ ಹೆಂಡತಿ ಪಾರ್ವತಮ್ಮ ಬಾಗಿಲಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. "ಸ್ವಾಮಿನ ಸ್ಯಾಂಕಿ ಕೆರೆಗೆ ತಗೊಂಡೋದ್ರು ಸಾರ್," ಎಂದಳು. ಪ್ರತಿ ವರ್ಷ ಗಣೇಶನನ್ನು ನೀರಿಗೆ ಬಿಡುವ ಕೆರೆ ಅದು.

ಆಟೋ ಹಿಡಿದು ಹೋದರೆ, ಕೆರೆಯ ಗೇಟಿನ ಹತ್ತಿರದ ಕಲ್ಲಿನ ಮೇಲೆ ಓಬಳಪ್ಪ ಕೂತಿದ್ದ. ಪಕ್ಕದಲ್ಲಿ ಪಾರ್ವತಮ್ಮನ ರೇಷ್ಮೆ ಸೀರೆ ಸುತ್ತಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು ನಮ್ಮ ತೋಮಾಸರು. ಮುಂದೆ ಎರಡು ಬಾಳೆಹಣ್ಣು.

"ಗಣೇಶನ ಹಬ್ಬಕ್ಕೆ ಬನ್ನಿ ಯಜಮಾನ್ರೇ ಅಂದ್ರೆ ಕೇಳಲ್ಲ ಸಾರ್," ಎಂದು ವಾಚ್‌ಮನ್ ನನಗೆ ದೂರು ಕೊಟ್ಟ.

"ಬುದ್ಧಿ ಗಿದ್ಧಿ ಇದೆಯೇನಯ್ಯ? ನಾಳೆ ಹಬ್ಬ ಇಟ್ಕೊಂಡು ಇವರನ್ನ ನೀರಿಗೆ ಬಿಡ್ತೀಯಾ?" ಎಂದು ಓಬಳಪ್ಪನನ್ನು ಗದರಿದೆ.

"ಬೆರಳು ಮುರಿದೋಯ್ತು ಸಾರ್. ಭಿನ್ನ ಆದ ಮೂರ್ತಿ ಪೂಜೆಗೆ ಬರಲ್ಲ. ಮರ್ಯಾದೆಯಿಂದ ಕಳಿಸ್ಕೊಡೋಣ ಅಂತ ಬಂದೆ."

ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ. "ನಮ್ಮಲ್ಲಿ ಹಂಗಿಲ್ಲ ಮಾರಾಯ. ಮುರಿದ್ರೆ ಅಂಟಿಸ್ತೀವಿ. ಈಟಿ ತಿಂದೋರು, ಒಂದು ಬೆರಳಿಗೆ ಕೋಪ ಮಾಡ್ಕೋತಾರಾ? ಏಳು, ನೀನೇ ಸರಿ ಮಾಡು."

ಅವನು ಏಳಲಿಲ್ಲ. ಎರಡೂ ಕೈ ಮುಂದೆ ಹಿಡಿದ. "ಮುಟ್ಟಿದ್ದು ಗೊತ್ತಾಗಲ್ಲ ಸಾರ್. ಶುಗರ್ರು. ಎರಡು ವರ್ಷ ಆಯ್ತು, ಯಾರಿಗೂ ಹೇಳಿಲ್ಲ. ಹಿಡ್ಕೊಂಡಿದೀನಿ ಅಂತಾನೇ ಅನ್ಕೊಂಡಿದ್ದೆ, ಜಾರ್ಬಿಟ್ರು. ಇನ್ಮೇಲೆ ಬೇರೆ ಯಾರಿಗಾದ್ರೂ ಕೊಟ್ಬಿಡಿ. ನನ್ನ ಕೆಲಸ ಮುಗೀತು."

ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಮುದಿತನದ ಮೇಲೆ. "ಮುಗಿದ್ರೆ ನಾಳಿದ್ದು ಮುಗೀಲಿ, ಇವತ್ತು ಏಳು," ಎಂದು ರಟ್ಟೆ ಹಿಡಿದು ಎಬ್ಬಿಸಿದೆ.

ಮನೆಗೆ ಬಂದು ತಂತಿ ಸಿಕ್ಕಿಸಿ, ಪ್ಲಾಸ್ಟರ್ ಕಲಸಿ, ಬರಿಯ ಕಣ್ಣಳತೆಯಲ್ಲಿ ಹೊಸ ಬೆರಳು ಕಟ್ಟಿದ. ಆಕಾರವೇನೋ ಬಂತು. ಒಣಗಿದ ಮೇಲೆ ಉಜ್ಜುಕಾಗದ ಹಿಡಿದವನು ನನ್ನತ್ತ ತಿರುಗಿದ.

"ಸಾರ್, ನೀವು ಮುಟ್ಟಿ ನೋಡಿ ಹೇಳ್ತೀರಾ?"

ಮುಟ್ಟಿದೆ. ಗೆಣ್ಣಿನ ಕೆಳಗೆ ತರಿ ಇತ್ತು, ಹೇಳಿದೆ. ಉಜ್ಜಿದ. ಉಗುರಿನ ಪಕ್ಕ ಇನ್ನೊಂದು, ಹೇಳಿದೆ. ಉಜ್ಜಿದ. ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ಕೊನೆಗೆ ನನಗೇನೂ ಸಿಗಲಿಲ್ಲ. "ಆಯ್ತು, ನುಣ್ಣಗಿದೆ," ಎಂದೆ.

ಅವನು ತನ್ನ ಬೆರಳನ್ನು ಅದರ ಮೇಲೆ ಒಮ್ಮೆ ಎಳೆದ, ಇನ್ನೊಮ್ಮೆ ಎಳೆದ. ಏನೂ ತಿಳಿಯದೆ ಕೈ ಇಳಿಸಿದ.

"ನಿಜವಾಗ್ಲೂ?"

"ನಿಜವಾಗ್ಲೂ."

"ನೀವು ಅಂದ್ರೆ ಆಯ್ತು ಸಾರ್," ಎಂದು ಕುಂಚ ಅದ್ದಲು ತಿರುಗಿದ. ಅವನು ಅತ್ತ ತಿರುಗಿದ್ದೇ ತಡ, ನಾನು ಆ ಬೆರಳನ್ನು ಮತ್ತೊಂದು ಸಲ ಮುಟ್ಟಿ ನೋಡಿದೆ.